ಮತ್ತೆ ಮೈಲಿ ತೋರಿಸ್ತಿದೆ

"ಎಷ್ಟು ಸ್ಪೀಡಲ್ಲಿ ಬರ್ತಿದ್ರಿ ಮೇಡಂ?"

ಸಾರಕ್ಕಿ ಸಿಗ್ನಲ್. ಮೈತ್ರೇಯಿಯ ಕಾರಿಗೂ ಮುಂದೆ ನಿಂತಿದ್ದವನ ಸ್ಕೂಟರಿನ ಹಿಂದಿನ ಚಕ್ರಕ್ಕೂ ನಡುವೆ ಅಂಗೈಯಗಲ ಜಾಗ ಉಳಿದಿತ್ತು, ಅಷ್ಟೇ! ಅವಳ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು.

"ನ... ನಲವತ್ತು."

"ನಲವತ್ತಾ? ಕನ್ನಡೀಲಿ ನೋಡ್ತಾನೇ ಇದ್ದೆ. ಅರವತ್ತಕ್ಕೆ ಕಮ್ಮಿ ಇರ್ಲಿಲ್ಲ. ಯಾಕ್ರೀ ಸುಳ್ಳು ಹೇಳ್ತೀರಾ?"

ಸುಳ್ಳು! ಆ ಮಾತು ಎದೆಗೆ ಚುಚ್ಚಿತು. 'ನಾನು ಸುಳ್ಳು ಹೇಳಲ್ಲ' ಅನ್ನಬೇಕಿತ್ತು. ಕಣ್ಣು ಮಾತ್ರ ತುಂಬಿಕೊಂಡಿತು.

ಅವನ ಸಿಟ್ಟು ಅಲ್ಲೇ ಇಳಿದುಹೋಯಿತು.

"ಅಯ್ಯಯ್ಯೋ, ಅಳ್ಬೇಡಿ... ಮೊದ್ಲು ಗಾಡಿ ಸೈಡಿಗೆ ಹಾಕಿ. ಹಿಂದೆ ಬಸ್ಸಿನವ್ನು ಹಾರ್ನ್ ಹೊಡೆದು ನಮ್ಮಿಬ್ರನ್ನೂ ಮುಗಿಸ್ತಾನೆ."

ರಸ್ತೆ ಬದಿಯಲ್ಲಿ ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು. "ಅಪ್ಪ ನಲವತ್ತು ದಾಟ್ಬೇಡ ಅಂದಿದ್ದಾರೆ. ನಾನು ದಾಟಲ್ಲ. ನಂಬರ್ ನೋಡ್ಕೊಂಡೇ ಓಡಿಸ್ತೀನಿ."

ಅವನು ಕಿಟಕಿಯಿಂದ ಬಗ್ಗಿ ಸ್ಪೀಡೋಮೀಟರ್ ನೋಡಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ!

"ಮೇಡಂ, ಇದು ಮೈಲಿ ತೋರಿಸ್ತಿದೆ! ನಂಬರ್ ಕೆಳಗೆ ನೋಡಿ, ಸಣ್ಣದಾಗಿ ಎಂಪಿಎಚ್ ಅಂತಿದೆ. ನಲವತ್ತು ಮೈಲಿ ಅಂದ್ರೆ ಅರವತ್ನಾಲ್ಕು ಕಿಲೋಮೀಟರ್. ಈಚೆಗೆ ಬ್ಯಾಟರಿ ಏನಾದ್ರೂ ಬಿಚ್ಚಿಸಿದ್ರಾ?"

"ನಿನ್ನೆ ಹೊಸದು ಹಾಕಿಸ್ದೆ..."

"ಅದಕ್ಕೇ. ನಮ್ಮಕ್ಕನ ಕಾರಲ್ಲೂ ಹೀಗೇ ಆಗಿತ್ತು. ಇಲ್ಲಿ ಗುಂಡಿ ಇದೆಯಲ್ಲ, ಒತ್ತಿ ಹಿಡ್ಕೊಳ್ಳಿ. ಬೇಗ ಬಿಡ್ಬೇಡಿ. ಇನ್ನೂ... ಇನ್ನೂ... ಹಾಂ! ಆಯ್ತು ನೋಡಿ."

ಅಕ್ಷರ ಬದಲಾಯಿತು. ಮೈತ್ರೇಯಿಗೆ ನಾಚಿಕೆಯಾಯಿತು. ಶಾಲಾ ಪುಸ್ತಕಗಳ ಪ್ರೂಫ್ ನೋಡುವುದು ಅವಳ ಕೆಲಸ. ದಿನವಿಡೀ ಸಣ್ಣ ಅಕ್ಷರದ ತಪ್ಪು ಹುಡುಕುವವಳಿಗೆ ತನ್ನ ಕಣ್ಣೆದುರಿನದೇ ಕಾಣಿಸಿರಲಿಲ್ಲ!

"ಸುಳ್ಳು ಅಂದಿದ್ದಕ್ಕೆ ಸಾರಿ," ಅಂದ ಅವನು. "ನಾನು ಚಿದಾನಂದ್. ಇಲ್ಲೇ ಮಾರ್ಕೆಟ್ ಹತ್ರ ಕನ್ನಡಕದ ಅಂಗಡಿ. ನನ್ನ ಫೋನ್ ನಂಬರ್ ಇಟ್ಕೊಳ್ಳಿ. ಮತ್ತೆ ಮೈಲಿ ತೋರಿಸಿದ್ರೆ ಕಾರು ತನ್ನಿ. ಸಣ್ಣ ಅಕ್ಷರ ಕಾಣಿಸ್ದಿದ್ರೆ ನೀವು ಬನ್ನಿ."

ಅವಳಿಗೆ ನಗು ಬಂತು. ಎಷ್ಟು ದಿನದ ಮೇಲೆ!

*

ಜಯನಗರದ ಮನೆಯಲ್ಲಿ ಮೈತ್ರೇಯಿ ಒಬ್ಬಳೇ. ಅಮ್ಮ ತೀರಿಕೊಂಡ ವರ್ಷವೇ ಅಪ್ಪನಿಗೆ ಬ್ಯಾಂಕಿನಿಂದ ಹುಬ್ಬಳ್ಳಿಗೆ ವರ್ಗವಾಯಿತು. ಫೋನಿನಲ್ಲಿ ಅಪ್ಪ ಕೇಳುವುದು ಎರಡೇ ಪ್ರಶ್ನೆ. ಊಟ ಆಯ್ತಾ? ಕಾರು ಓಡಿಸಿದ್ಯಾ?

ನಿಂತಲ್ಲೇ ನಿಂತರೆ ಬ್ಯಾಟರಿ ಸತ್ತುಹೋಗುತ್ತದೆ ಅಂತ ಭಾನುವಾರ ಒಂದು ಸುತ್ತು ಹೋಗಿಬರುವುದು ಅವಳ ಪಾಲಿನ ಕೆಲಸ. ಬನಶಂಕರಿ ತನಕ ಹೋಗಿ ತಿರುಗಿಸಿಕೊಂಡು ಬರುತ್ತಿದ್ದಳು. ಪಕ್ಕದ ಸೀಟಿನಲ್ಲಿ ಅವಳ ಬ್ಯಾಗ್ ಮಾತ್ರ ಇರುತ್ತಿತ್ತು.

ಎಷ್ಟೋ ಸಲ ಹಾಲಿನವರ ಹತ್ತಿರ "ಅರ್ಧ ಲೀಟರ್" ಅಂದಾಗ ತನ್ನ ದನಿ ತನಗೇ ಕರಕರ ಅನ್ನಿಸುತ್ತಿತ್ತು. ಹಿಂದಿನ ದಿನವೆಲ್ಲ ಯಾರ ಜೊತೆಯೂ ಮಾತಾಡಿಲ್ಲ ಅಂತ ಆಗ ನೆನಪಾಗುತ್ತಿತ್ತು.

ಸಿಗ್ನಲ್ಲಿನ ಘಟನೆಯ ನಂತರದ ಭಾನುವಾರವೂ ಕಾರಿನಲ್ಲಿ ಕೂತಳು. ಕಿಲೋಮೀಟರ್. ಸರಿಯಾಗಿಯೇ ಇತ್ತು.

'ಸರಿಯಾಗಿದ್ರೆ ಅವರಿಗೆ ಯಾಕೆ ಫೋನ್ ಮಾಡ್ಲಿ?'

ಕೈ ತಾನಾಗಿ ಗುಂಡಿಯ ಮೇಲೆ ಹೋಯಿತು. ಒತ್ತಿ ಹಿಡಿದಳು. ಬೇಗ ಬಿಡಲಿಲ್ಲ...

"ಹಲೋ... ನಾನು ಮೈತ್ರೇಯಿ. ಸಾರಕ್ಕಿ ಸಿಗ್ನಲ್ಲು... ಮತ್ತೆ ಮೈಲಿ ತೋರಿಸ್ತಿದೆ."

ಅವನು ಬಂದ. ಗುಂಡಿ ಒತ್ತಿ ಸರಿ ಮಾಡಿದ. "ನಡೀರಿ, ಸರಿಯಾಯ್ತಾ ಅಂತ ತಲಘಟ್ಟಪುರದ ತನಕ ನೋಡ್ಕೊಂಡು ಬರೋಣ," ಅಂದ. ಅವಳ ಬ್ಯಾಗ್ ಹಿಂದಿನ ಸೀಟಿಗೆ ಹೋಯಿತು.

"ನಂಬರ್ ಅಷ್ಟೊಂದು ನೋಡ್ಬೇಡಿ. ರಸ್ತೆ ನೋಡಿ," ಅನ್ನುತ್ತಿದ್ದ.

"ನಂಬರ್ ನೋಡ್ದಿದ್ರೆ ಭಯ ಆಗುತ್ತೆ."

"ನಾನಿದ್ದೀನಲ್ಲ!"

ಆ ಒಂದು ಮಾತನ್ನು ಅವಳು ವಾರವೆಲ್ಲ ಒಳಗೇ ಹೇಳಿಕೊಂಡಳು. ಮುಂದಿನ ಭಾನುವಾರ ಮತ್ತೆ ಮೈಲಿ. ಅದರ ಮುಂದಿನ ಭಾನುವಾರವೂ. ಯಾಕೆ ಹೀಗಾಗುತ್ತಿದೆ ಅಂತ ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ.

*

ಒಂದು ಸಂಜೆ ಧೈರ್ಯ ಮಾಡಿ ಅವಳು ಅಂಗಡಿಗೇ ಹೋದಳು. ಕೈಯಲ್ಲಿ ಡಬ್ಬಿ, ಒಳಗೆ ಅವಳೇ ಮಾಡಿದ ಕೊಬ್ಬರಿ ಮಿಠಾಯಿ. ಬಾಗಿಲು ಅರ್ಧ ತೆರೆದಿತ್ತು.

"ಏನೋ ಚಿದು, ನಿನ್ನ ಮೈಲಿ ಮೇಡಂ ಈ ವಾರ ಫೋನ್ ಮಾಡಿಲ್ವಾ?" ಅವನ ಅಕ್ಕ ಲತಾಮಣಿಯ ದನಿ.

"ಮಾಡ್ತಾರೆ. ಅದು ತಾನಾಗೇ ಬದಲಾಗಲ್ಲ ಕಣೇ ಅಕ್ಕ. ಅವರೇ ಬದಲಾಯಿಸ್ತಾರೆ. ಪಾಪ, ನನಗೆ ಗೊತ್ತಿಲ್ಲ ಅನ್ಕೊಂಡಿದ್ದಾರೆ!"

ಲತಾಮಣಿ ಬಿದ್ದು ಬಿದ್ದು ನಕ್ಕಳು.

ಮೈತ್ರೇಯಿಯ ಕಿವಿ ಸುಟ್ಟಂತಾಯಿತು. ಪಾಪ! ಅಂದರೆ ಇಷ್ಟು ದಿನ ಬಂದದ್ದು ಕನಿಕರಕ್ಕೆ! ಅವರ ಮನೆಯಲ್ಲಿ ಕೂತು ನಗುವುದಕ್ಕೊಂದು ಕಥೆ ನಾನು...

ಡಬ್ಬಿಯನ್ನು ಎದೆಗೆ ಅವುಚಿಕೊಂಡು ಹಾಗೇ ವಾಪಸ್ಸಾದಳು. ಮಿಠಾಯಿ ಫ್ರಿಜ್ಜಿನಲ್ಲಿ ಕಲ್ಲಾಯಿತು.

ಮುಂದಿನ ಭಾನುವಾರ ಅವನೇ ಫೋನ್ ಮಾಡಿದ. "ಕಾರು ಹೇಗಿದೆ?"

"ಸರಿಯಾಗಿದೆ."

"ಮೈಲಿ ಏನೂ..."

"ಇಲ್ಲ. ಇನ್ಮೇಲೆ ಆಗಲ್ಲ. ಥ್ಯಾಂಕ್ಸ್."

"ಹೂಂ... ಒಳ್ಳೇದಾಯ್ತು," ಅಂದ ಅವನ ದನಿ ಎಂದಿನಂತಿರಲಿಲ್ಲ. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವಳು ಇರಲಿಲ್ಲ.

ಬ್ಯಾಗ್ ಮತ್ತೆ ಪಕ್ಕದ ಸೀಟಿಗೆ ಬಂತು. ಅವಳು ತಲಘಟ್ಟಪುರದ ಕಡೆ ಹೋಗುವುದನ್ನೇ ಬಿಟ್ಟಳು. ಕುಕ್ಕರಿನಲ್ಲಿ ಒಬ್ಬಳಿಗೆ ಆಗುವಷ್ಟು ಅಕ್ಕಿ ಮೂರನೇ ವಿಷಲ್ಲಿಗೇ ಬೆಂದುಬಿಡುತ್ತಿತ್ತು. ಮನೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಆಮೇಲೊಂದು ದಿನ ಅಪ್ಪನ ಫೋನ್. "ಮೈತ್ರಿ, ಕಾರು ಸುಮ್ನೆ ನಿಂತಿರುತ್ತೆ. ನಿಂಗೆ ಮೆಟ್ರೋ ಇದೆ. ನನ್ನ ಫ್ರೆಂಡ್ ಶಶಿಕಾಂತ್ ತಗೋತಾರಂತೆ. ಭಾನುವಾರ ಬರ್ತಾರೆ, ಕೀ ಕೊಟ್ಬಿಡಮ್ಮ."

"ಆಯ್ತಪ್ಪ," ಅಂದಳು. ಇನ್ನೇನು ಹೇಳುವುದು?

*

ಭಾನುವಾರ ಬೆಳಿಗ್ಗೆ ಕಾರು ಒರೆಸುತ್ತಿದ್ದಳು. ಪಕ್ಕದ ಸೀಟಿನ ಕೆಳಗೆ ಕನ್ನಡಕ ಒರೆಸುವ ಒಂದು ಪುಟ್ಟ ಬಟ್ಟೆ ಸಿಕ್ಕಿತು. ಅವನದು.

ಕೈಯಲ್ಲಿ ಹಿಡಿದು ಕೂತುಬಿಟ್ಟಳು. ಕಾರು ಹೋಗುತ್ತದೆ. ಇನ್ನು ಸುಳ್ಳು ಹೇಳುವುದಕ್ಕೂ ಏನೂ ಉಳಿಯುವುದಿಲ್ಲ.

'ಅವರು ನನ್ನನ್ನ ಸುಳ್ಳಿ ಅಂದಾಗ ನಾನು ನಿಜ ಹೇಳಿದ್ದೆ. ಆಮೇಲೆ ಪ್ರತಿ ವಾರ ಸುಳ್ಳು ಹೇಳ್ದೆ. ಒಂದ್ಸಲ... ಒಂದೇ ಒಂದ್ಸಲ ನಿಜ ಹೇಳ್ಬೇಕು. ನಕ್ಕರೆ ನಗ್ಲಿ!'

ಗುಂಡಿ ಒತ್ತಿ ಹಿಡಿದಳು. ಮೈಲಿ ಬಂತು. ಕಾರು ತೆಗೆದಳು. ಸಾರಕ್ಕಿ ತನಕ ನಂಬರ್ ಕಡೆ ಒಮ್ಮೆಯೂ ನೋಡಲಿಲ್ಲ. ರಸ್ತೆಯನ್ನೇ ನೋಡಿದಳು.

ಚಿದಾನಂದ ಆಗಷ್ಟೇ ಅಂಗಡಿಯ ಶಟರ್ ಎತ್ತುತ್ತಿದ್ದ. ಅವಳನ್ನು ಕಂಡು ಕೈ ಅರ್ಧಕ್ಕೇ ನಿಂತಿತು.

"ಮೈತ್ರೇಯಿ ಅವ್ರೇ...?"

"ಮೈಲಿ ತೋರಿಸ್ತಿದೆ," ಅಂದಳು. "ತಾನಾಗೇ ಅಲ್ಲ. ನಾನೇ ಮಾಡಿದ್ದು. ಪ್ರತಿ ಸಲಾನೂ ನಾನೇ. ನಿಮಗೆ ಗೊತ್ತು ಅಂತ ನನಗೆ ಗೊತ್ತಾಯ್ತು. ಆವತ್ತು ಬಾಗಿಲ ಹತ್ರ ಕೇಳಿಸ್ಕೊಂಡೆ. ನೀವು ಪಾಪ ಅಂದ್ರಿ... ಅಕ್ಕ ನಕ್ಕರು..."

ಅವನ ಮುಖ ಬಿಳಿಚಿಕೊಂಡಿತು. "ಅದಕ್ಕಾ ಫೋನ್ ನಿಲ್ಸಿದ್ದು? ಪೂರ್ತಿ ಕೇಳ್ದೇ ಹೋದ್ರಾ?"

"ಇನ್ನೇನಿತ್ತು ಕೇಳೋಕೆ?"

"ನಕ್ಕು ಮುಗಿದ್ಮೇಲೆ ಅಕ್ಕ ಕೇಳಿದ್ಲು, ಗೊತ್ತಿದ್ದೂ ಯಾಕೋ ಹೋಗ್ತೀಯಾ ಅಂತ." ಅವನು ತಲೆ ತಗ್ಗಿಸಿದ. "ಹೋಗ್ದಿದ್ರೆ ಭಾನುವಾರ ಬಂದ ಹಾಗೇ ಅನ್ಸಲ್ಲ ಅಂದೆ. ಅವರಿಗೆ ಹೇಳೋ ಧೈರ್ಯ ಮಾತ್ರ ನನಗಿಲ್ಲ ಅಂದೆ. ಅಕ್ಕ ಅದಕ್ಕೂ ನಕ್ಕಳು. ಅವಳು ಎಲ್ಲದಕ್ಕೂ ನಗ್ತಾಳೆ ಬಿಡಿ."

ಮೈತ್ರೇಯಿ ಕೈಯಲ್ಲಿದ್ದ ಪುಟ್ಟ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡಳು.

"ಅದು ಗಾಜಿಗೆ ರೀ, ಕಣ್ಣಿಗಲ್ಲ," ಅಂದ ಅವನು. ಅವನ ಕಣ್ಣೂ ಒದ್ದೆಯಾಗಿತ್ತು.

ಇಬ್ಬರೂ ಕಾರಿನಲ್ಲಿ ಕೂತರು.

"ಶಶಿಕಾಂತ್ ಅಂಕಲ್ ಬರ್ತಾರೆ, ಕಾರು ತಗೊಂಡು ಹೋಗೋಕೆ. ಕಿಲೋಮೀಟರಿಗೆ ಹಾಕ್ಬೇಕು," ಅಂದಳು.

"ಕಾರೇ ಹೋದ್ಮೇಲೆ ಏನು ಹೇಳಿ ನನ್ನ ಕರೀತೀರಾ?"

ಅವಳು ರಸ್ತೆಯ ಕಡೆ ನೋಡಿದಳು. ಆಮೇಲೆ, ಮೊದಲ ಸಲ, ನೇರವಾಗಿ ಅವನನ್ನೇ ನೋಡಿದಳು.

"ಬನ್ನಿ ಅಂತೀನಿ. ಅಷ್ಟೇ. ಬರ್ತೀರಾ?"

"ಬರ್ತೀನಿ."

ಅವಳು ಗುಂಡಿಯ ಮೇಲೆ ಬೆರಳಿಟ್ಟಳು. ಅವನ ಕೈ ನಿಧಾನವಾಗಿ ಅವಳ ಕೈ ಮೇಲೆ ಬಂತು. ಒತ್ತಿ ಹಿಡಿದರು. ಅಕ್ಷರ ಬದಲಾಯಿತು.

"ಆಯ್ತು..." ಅಂದಳು ಮೆಲ್ಲಗೆ.

"ಹೂಂ. ಬೇಗ ಬಿಡ್ಬೇಡಿ."