ನೆನೆಯುತ್ತಲೇ ಇರು

ಗಾಯಕಿ ಹೆಡ್‌ಫೋನ್ ಕಿತ್ತು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಈ ಸಾಲು ಹಾಡುವುದಿಲ್ಲ ಎಂದುಬಿಟ್ಟಳು.

ಗಾಜಿನಾಚೆ ಸಂಗೀತ ನಿರ್ದೇಶಕರು ತಲೆ ಮೇಲೆ ಕೈ ಹೊತ್ತರು. ಅವರ ಪಕ್ಕದಲ್ಲಿ ಆಗಷ್ಟೇ ಬಂದು ನಿಂತವನು ಈ ಹಾಡು ಬರೆದವನು. ಎರಡು ವರ್ಷದ ಮೇಲೆ ಅವನ ಮುಖ ಕಂಡಿತ್ತು... ಅವಳ ಮೈಯೆಲ್ಲ ಉರಿಯಿತು.

ಹಾಡು ಮೊದಲೇ ಹಿಡಿಸಿರಲಿಲ್ಲ. ಮಳೆ ಬಂದರೆ ಸಾಕು, ಬರೆಯುವವರಿಗೆಲ್ಲ ಮೂಗು ಸೋರುತ್ತದೆ. ಮೋಡ ಕವಿದರೆ ವಿರಹ, ಹನಿ ಬಿದ್ದರೆ ಕಣ್ಣೀರು. ಛತ್ರಿ ಹಿಡಿದು ಕೆಲಸಕ್ಕೆ ಹೋಗುವ ಒಬ್ಬಳಾದರೂ ಆ ಹಾಡುಗಳಲ್ಲಿ ಇದ್ದಾಳಾ? ಆದರೂ ಹೊಟ್ಟೆಪಾಡು ಎಂದು ಹಾಡುತ್ತಿದ್ದಳು, ಈ ಸಾಲು ಬರುವ ತನಕ.

'ನೆನೆಯುತ್ತಲೇ ಇರು ಎಂದಳು, ಕದ ತೆರೆಯಲಿಲ್ಲ.'

ಅದು ಅವಳೇ ಅವನಿಗೆ ಕಳಿಸಿದ ಕೊನೆಯ ಮೆಸೇಜು!

ಅವನು ಒಳಗೆ ಬಂದ.

"ನನ್ನ ಮಾತನ್ನೇ ಹಾಡು ಮಾಡಿದ್ರಲ್ಲ, ನಾಚಿಕೆ ಆಗಲ್ವಾ?"

"ಬರೆದೋನಿಗ್ಯಾಕೆ ನಾಚಿಕೆ? ಹಾಗಂದವರಿಗೆ ಇರಬೇಕು."

ಸಂಗೀತ ನಿರ್ದೇಶಕರು ಎದ್ದರು. ತಾವು ಟೀ ಕುಡಿದು ಬರುವುದಾಗಿಯೂ, ಹೊಡೆದಾಡುವುದಿದ್ದರೆ ಮೈಕಿನಿಂದ ದೂರ ಹೊಡೆದಾಡಬೇಕೆಂದೂ ಹೇಳಿ ಹೋದರು.

ಅವಳು ಅದುಮಿಟ್ಟಿದ್ದನ್ನೆಲ್ಲ ಕಕ್ಕಿದಳು. ಮದುವೆ ಮಾತಾಡಲು ಅವನು ಬರುತ್ತೇನೆಂದ ಸಂಜೆ ಅಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು, ಕರೆಂಟಿಲ್ಲದ ಕತ್ತಲಲ್ಲಿ ಕಾದು ಕೂತಿದ್ದರು. ಬಂದಿದ್ದು ಅವನಲ್ಲ, ಒಂದೇ ಪದದ ಮೆಸೇಜು: 'ನೆನೆಯುತ್ತಿದ್ದೇನೆ.' ಮನುಷ್ಯ ಬರಬೇಕಾದ ಕಡೆ ನೆನಪು ಕಳಿಸುವುದಾ? ನೆನೆಯುತ್ತಲೇ ಇರು ಎಂದು ಬರೆದು, ನಂಬರು ಬ್ಲಾಕ್ ಮಾಡಿದ್ದಳು.

ಅವನ ಮುಖ ಬಿಳಿಚಿತು.

"ನೆನಪಾ? ಮಳೇಲಿ ನೆನೀತಾ ನಿಂತಿದ್ದೆ ಕಣೇ... ನಿಮ್ಮನೆ ಗೇಟಲ್ಲೇ."

ಕರೆಂಟಿಲ್ಲದೆ ಬೆಲ್ ಆಗಲಿಲ್ಲ. ಕೂಗಿದ್ದು ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಗೇಟಿಗೆ ಒಳಗಿನಿಂದ ಬೀಗ. ಫೋನು ಹತ್ತಲಿಲ್ಲ, ಮೆಸೇಜು ಮಾತ್ರ ಹೋಯಿತು. ತೊಯ್ದು ತೊಪ್ಪೆಯಾದವನಿಗೆ ಸಿಕ್ಕ ಉತ್ತರ, ಇನ್ನೂ ತೊಯ್ಯುತ್ತಿರು ಎಂದು.

ಅವಳು ಕುಸಿದು ಕೂತಳು. ಸಿಟ್ಟು ಮಾತ್ರ ಎದ್ದೇ ನಿಂತಿತ್ತು. ಒಂದು ಪದಕ್ಕೆ ಎರಡು ವರ್ಷ ಬಲಿಯೇ?

"ಮಳೇಲಿದ್ದೀನಿ, ಗೇಟು ತೆಗಿ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಗೇಟಿನ ಮುಂದೆ ನಿಂತಾಗ್ಲೂ ಕವಿಯಾಗೇ ಇರಬೇಕಿತ್ತಾ?"

ಅವನು ಅವಳೆದುರು ನೆಲದ ಮೇಲೇ ಕೂತ.

"ಇನ್ನು ಬಿಡಿಸೇ ಹೇಳ್ತೀನಿ. ನೀನಿಲ್ದೆ ನಂಗಾಗಲ್ಲ. ಇವತ್ತು ಅಪ್ಪನ್ನ ನೋಡೋಕೆ ಬರ್ಲಾ?"

"ಬಾಯಿಗೆ ಬಂದ ಹಾಗೆ ಬೈತಾರೆ."

"ಬೈಲಿ."

"ನನ್ನ ಕೋಪಾನೂ ಇಳಿದಿಲ್ಲ."

"ಗೊತ್ತು."

ಅವಳ ಕಣ್ಣು ತುಂಬಿತು. ಹೊರಗೆ ಸುಡು ಬಿಸಿಲು. ಒಂದು ಹನಿ ಮಳೆಯಿಲ್ಲದೆಯೂ ಅಳು ಬಂತಲ್ಲ ಎಂದು ಅದಕ್ಕೂ ಸಿಟ್ಟು ಬಂತು.

"ಬಾ," ಎಂದಳು. "ಒಬ್ಬನೇ ಬೈಸ್ಕೋಬೇಡ. ನಾನೂ ಪಕ್ಕದಲ್ಲೇ ಕೂತಿರ್ತೀನಿ."