ನೀಲಿ ದಾರದ ಲಕೋಟೆ

ಬ್ರೆಡ್ ಅಂಗಡಿಯ ಹೆಂಗಸು ಗುಬ್ಬಿಯ ಮುಖ ನೋಡಿದ್ದೇ ತಡ, ಕೈಯಲ್ಲಿದ್ದ ಇಕ್ಕಳ ಠಣ್ಣೆಂದು ಕೆಳಗೆ ಬಿತ್ತು.

"ಎರಡು ಬನ್ ಕೊಡಿ," ಎಂದಳು ಗುಬ್ಬಿ, ಮತ್ತೊಮ್ಮೆ.

ಹೆಂಗಸು ಬನ್ ಕಟ್ಟಿದಳು. ಬೆರಳು ತಾಗಬಾರದೆಂದು ಪೊಟ್ಟಣವನ್ನು ಕೌಂಟರಿನ ಮೇಲಿಟ್ಟು ಮೆಲ್ಲಗೆ ಈಚೆಗೆ ತಳ್ಳಿದಳು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು: "ನಿಮಗೆ... ಹಸಿವಾಗುತ್ತಾ?"

ಇದೆಂಥಾ ಪ್ರಶ್ನೆ! ಹಸಿವಾಗದವರು ಬೆಳಿಗ್ಗೆ ಏಳೂವರೆಗೆ ಬನ್ ಕೊಳ್ಳುತ್ತಾರೆಯೇ? ದೊಡ್ಡ ಊರಿನ ಜನ ಹೀಗೇ ಇರಬೇಕು ಅಂದುಕೊಂಡು ಗುಬ್ಬಿ ಹೊರಬಂದಳು. ಆದರೆ ಗಲ್ಲಿಯ ಆ ತುದಿಯವರೆಗೂ ಬೆನ್ನ ಮೇಲೆ ಕಣ್ಣುಗಳಿದ್ದವು.

ಗುಬ್ಬಿ ಎಂಬುದು ಮನೆಯಲ್ಲಿ ಚಿಕ್ಕಮ್ಮ ಇಟ್ಟ ಹೆಸರು. ಮೂವತ್ತೊಂದು ತುಂಬಿ, ತನ್ನೂರಿನ ಕನ್ನಡಕದಂಗಡಿಯಲ್ಲಿ ದಿನಕ್ಕೆ ನಲವತ್ತು ಜನರ ಕಣ್ಣು ಪರೀಕ್ಷಿಸುತ್ತಿದ್ದರೂ ಆ ಹೆಸರು ಬಿಟ್ಟಿರಲಿಲ್ಲ. ಚಿಕ್ಕಮ್ಮ ಈ ಮಹಾನಗರದಲ್ಲಿ ಬಟ್ಟೆ ಹೊಲಿದುಕೊಂಡು ಸ್ವಂತದ್ದೊಂದು ಕೋಣೆ ಮಾಡಿಕೊಂಡಿದ್ದಳು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆನೋವೆಂದವಳು ಏಳಲಿಲ್ಲ. ಆಗ ಅಪ್ಪ ಬಂದು ಎಲ್ಲ ಮುಗಿಸಿ, ಬೀಗ ಹಾಕಿ ಹೋಗಿದ್ದರು. ಈಗ ಕೋಣೆಗೊಬ್ಬರು ಗಿರಾಕಿ ಸಿಕ್ಕಿದ್ದರು. ಸಾಮಾನು ಖಾಲಿ ಮಾಡಿ ಕೀಲಿಕೈ ಕೊಡಲು ಗುಬ್ಬಿಗೆ ನಾಲ್ಕು ದಿನದ ರಜೆ.

ಕೋಣೆಯಲ್ಲಿ ಎಲ್ಲವೂ ಹಾಗೇ ಇತ್ತು. ಹೊಲಿಗೆ ಮಿಷಿನ್ನಿನಲ್ಲಿ ಅರ್ಧ ಹೊಲಿದ ನೀಲಿ ಲಂಗ, ಸೂಜಿಯಲ್ಲಿ ನೀಲಿ ದಾರ. ಗುಬ್ಬಿಗೆ ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಊರು ನೋಡಲು ಹೊರಟಳು. ನೆಲದಡಿಯ ಸ್ಟೇಷನ್ನಿಗೆ ಹದಿನಾಲ್ಕು ದಾರಿ. ಏಳನೆಯದರಲ್ಲಿ ಹೋಗಬೇಕಾದವಳು ಒಂಬತ್ತರಲ್ಲಿ ಮೇಲೆ ಬಂದು, ಒಂದೇ ಥರದ ಗಾಜಿನ ಕಟ್ಟಡಗಳ ನಡುವೆ ಗಿರಕಿ ಹೊಡೆದಳು. ಮರುದಿನ ದೋಣಿಯಲ್ಲಿ ನದಿ ದಾಟಿದಳು. ಐವತ್ತನೇ ಮಹಡಿಯಿಂದ ಕೆಳಗೆ ನೋಡಿ ತಲೆ ಸುತ್ತಿ ಗೋಡೆ ಹಿಡಿದುಕೊಂಡಳು. ಲಕ್ಷಾಂತರ ಜನ, ಒಬ್ಬರೂ ಅವಳತ್ತ ತಿರುಗಿ ನೋಡಲಿಲ್ಲ. ಹಾಯೆನಿಸಿತು.

ಆದರೆ ಚಿಕ್ಕಮ್ಮನ ಗಲ್ಲಿಗೆ ಕಾಲಿಟ್ಟೊಡನೆ ಮತ್ತೆ ಅದೇ. ಸೈಕಲ್ ರಿಪೇರಿಯವನ ಸ್ಪ್ಯಾನರ್ ಗಾಳಿಯಲ್ಲೇ ನಿಂತಿತು. ಒಬ್ಬಳು ಅಜ್ಜಿ ಗುಬ್ಬಿಯ ಮುಖ ಬಿಟ್ಟು ಕಾಲ ಬುಡ ನೋಡಿದಳು, ನೆರಳಿದೆಯೇ ಎಂದು. ನೆರಳಿತ್ತು. ಅಜ್ಜಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಗಲ್ಲಿಯಲ್ಲಿ ಒಂದೇ ಅಂಗಡಿಯ ಬಾಗಿಲು ಎರಡು ದಿನದಿಂದ ಹಾಕಿತ್ತು: ಫೋಟೋ ಸ್ಟುಡಿಯೋ. ಅದರ ಮುಂದೆ ಹಾಯುವಾಗ ಗುಬ್ಬಿ ಬೇಕೆಂದೇ ಆ ಕಡೆ ನೋಡುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. "ಕೆಳಗಿನ ಸ್ಟುಡಿಯೋದವನು ಚಿನ್ನದಂಥ ಹುಡುಗ ಕಣೇ, ಒಂದು ಫೋಟೋ ಕಳಿಸು," ಎಂದು ಚಿಕ್ಕಮ್ಮ ಬರೆದಿದ್ದಳು. ಗುಬ್ಬಿ ನಾಚಿಕೊಂಡೇ ಕಳಿಸಿದ್ದಳು. ಅದೇ ವಾರ ಚಿಕ್ಕಮ್ಮ ಹೋದಳು. ಅವನಿಂದ ಹೂಂ ಇಲ್ಲ, ಊಹೂಂ ಇಲ್ಲ. ಫೋಟೋ ನೋಡಿಯೇ ಬೇಡವೆಂದನಲ್ಲ, ಒಂದು ಮಾತಿಗೂ ತಾನು ಲಾಯಕ್ಕಿಲ್ಲವೇ? ಆ ಸಂಕಟವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಮತ್ತೆ ಯಾರಿಗೂ ಫೋಟೋ ಕೊಟ್ಟಿರಲಿಲ್ಲ.

ಮೂರನೆಯ ದಿನ ಸ್ಟುಡಿಯೋ ತೆರೆದಿತ್ತು. ಗಾಜಿನ ಹಿಂದೆ ಒಂದು ದೊಡ್ಡ ಫೋಟೋ.

ಅದರಲ್ಲಿ ಗುಬ್ಬಿ ಇದ್ದಳು.

ತಾನೆಂದೂ ಉಡದ ಸೀರೆಯುಟ್ಟು, ತಾನೆಂದೂ ಕಾಣದ ಗಂಡಸಿನ ಪಕ್ಕ, ಮದುವೆಯಾಗಿ ವರ್ಷಗಳಾದವಳಂತೆ ಆರಾಮಾಗಿ ಕುಳಿತಿದ್ದಳು. ಎಡ ಹಣೆಯಂಚಿನಲ್ಲಿ ಒಂದು ಬಿಳಿ ಕೂದಲು. ಅವಳ ತಲೆಯಲ್ಲಿ ಅದು ಹುಟ್ಟಿ ಆರು ತಿಂಗಳೂ ಆಗಿರಲಿಲ್ಲ! ಚೌಕಟ್ಟಿನ ಮೂಲೆಗೆ ನೀಲಿ ದಾರ ಕಟ್ಟಿತ್ತು.

ಒಳಗಿನಿಂದ ಫೋಟೋದ ಗಂಡಸು ಬಂದ. ಬೆರಳಲ್ಲಿ ಬಣ್ಣ, ಮೂಗಿನ ಮೇಲೆ ಕನ್ನಡಕ. ಅವಳನ್ನು ಕಂಡವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಗುಬ್ಬೀ," ಎಂದ, ಉಸಿರಲ್ಲೇ. "ಕೊನೆಗೂ ಬಂದ್ರಾ? ನನ್ನ ಕರ್ಕೊಂಡು ಹೋಗೋಕಾ?"

ಮುಖ ಸುಣ್ಣದಂತಾಗಿತ್ತು, ಆದರೆ ಕಣ್ಣಲ್ಲಿ ಭಯವಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ಎಲ್ಲಿಗ್ರೀ ಕರ್ಕೊಂಡು ಹೋಗೋದು? ನಾಳೆ ಮಧ್ಯಾಹ್ನದ ರೈಲಿಗೆ ನನಗೊಂದೇ ಟಿಕೆಟ್ ಇರೋದು," ಎಂದಳು, ದನಿ ನಡುಗದಂತೆ. "ನನ್ನ ಫೋಟೋ ಇಲ್ಲೇನು ಮಾಡ್ತಿದೆ?"

ಅವನ ಅಕ್ಕ, ಸ್ಟುಡಿಯೋದ ಯಜಮಾನಿ, ಓಡಿಬಂದು ಗುಬ್ಬಿಯ ಮೊಣಕೈ ಹಿಡಿದು ಒತ್ತಿ ನೋಡಿದಳು. "ಬಿಸಿ ಇದೆ ಕಣೋ! ಜೀವ ಇದೆ!" ಎಂದವಳೇ ಸ್ಟೂಲಿನ ಮೇಲೆ ಕುಸಿದಳು.

ನೀರು ಕುಡಿದ ಮೇಲೆ ಮಾತು ಬಂತು. ಅವರ ಕಸುಬೇ ಅದು, ಒಟ್ಟಿಗೆ ಕೂರದವರನ್ನು ಬಣ್ಣ, ಬ್ರಶ್ಶಿನಿಂದ ತಿದ್ದಿ ಫೋಟೋದಲ್ಲಿ ಒಟ್ಟಿಗೆ ಕೂರಿಸುವುದು. ತೀರಿಕೊಂಡ ಗಂಡನ ಪಕ್ಕ ಹೆಂಡತಿ, ಕಾಣದ ತಾಯಿಯ ಮಡಿಲಲ್ಲಿ ಮಗ. ಗಿರಾಕಿಗಳು ಕೊಟ್ಟ ಫೋಟೋ ಲಕೋಟೆಗೆ ಅಕ್ಕ ದಾರ ಕಟ್ಟುತ್ತಿದ್ದಳು. ಇರುವವರಿಗೆ ಬಿಳಿ, ಹೋದವರಿಗೆ ನೀಲಿ. ಹೊರಗಿನವರಿಗೆ ಆ ಗುರುತು ಗೊತ್ತಿರಲಿಲ್ಲ.

"ಆವತ್ತು ಊಟ ಮಾಡಿ ಬಂದೆ. ಕೌಂಟರ್ ಮೇಲೆ ಲಕೋಟೆ," ಎಂದ ಅವನು. "ನಿಮ್ಮ ಫೋಟೋ. ನೀಲಿ ದಾರ. ಅಕ್ಕ ಕಟ್ಟಿದಾಳೆ ಅಂದ್ಕೊಂಡೆ."

"ಚಿಕ್ಕಮ್ಮ ಇವನ ಹತ್ರ ಹೇಳಿ ಕಟ್ಟಿಸಿದಾರೆ ಅಂದ್ಕೊಂಡೆ ನಾನು," ಎಂದಳು ಅಕ್ಕ. "ಮಾರನೇ ದಿನ ಅವರೇ ಹೋಗಿಬಿಟ್ರು. ಮಗಳಂಥವಳು ಹೋದ ದುಃಖಕ್ಕೇ ಎದೆ ಒಡೀತು ಅಂತ ಗಲ್ಲಿಗೆಲ್ಲ ಹೇಳಿದೆ. ನಿಮ್ಮಪ್ಪ ಬಂದಾಗ ಅಳ್ತಾ ಇದ್ರು. ಏನಂತ ಕೇಳೋದು?"

ಗುಬ್ಬಿಗೆ ಮೇಲಿನ ಕೋಣೆ ನೆನಪಾಯಿತು. ಅರ್ಧ ಹೊಲಿದ ಲಂಗ.

"ಅದು ಚಿಕ್ಕಮ್ಮನ ಮಿಷಿನ್ ದಾರ," ಎಂದಳು. "ಕೈಗೆ ಸಿಕ್ಕಿದ್ದು ಕಟ್ಟಿದಾಳೆ. ಈಗಲೂ ಸೂಜೀಲಿದೆ."

ಅವನು ತಲೆ ತಗ್ಗಿಸಿದ. "ಎರಡು ವರ್ಷ ಸಂಜೆ ಸಂಜೆ ನಿಮ್ಮ ಮಾತೇ ಆಡ್ತಿದ್ರು ಚಿಕ್ಕಮ್ಮ. ಫೋಟೋ ಬರೋ ಮೊದಲೇ ನಿಮಗೆ ಮನಸೋತಿದ್ದೆ. ಅದಕ್ಕೇ ನಮ್ಮಿಬ್ಬರನ್ನೂ ಕೂರಿಸ್ಕೊಂಡೆ. ವರ್ಷಕ್ಕೊಂದು ಸಲ ಹೊಸದಾಗಿ ಬರೆದು, ಇಬ್ಬರಿಗೂ ಒಂದೊಂದು ವರ್ಷ ವಯಸ್ಸು ಮಾಡ್ತೀನಿ."

ಗೋಡೆಯಲ್ಲಿ ಹಳೆಯವೂ ಇದ್ದವು. ಎರಡು ವರ್ಷದ ಹಿಂದಿನದರಲ್ಲಿ ಅವಳ ಗಲ್ಲದ ಮೇಲೆ ಸಣ್ಣ ಗೆರೆ.

"ಇದು?"

"ಬ್ರಶ್ ಜಾರಿತು. ಎಷ್ಟು ಸಲ ಅಳಿಸಿದ್ರೂ ಮತ್ತೆ ಮೂಡ್ತಿತ್ತು, ಬಿಟ್ಟೆ."

ಗುಬ್ಬಿ ಗಲ್ಲ ಮುಟ್ಟಿಕೊಂಡಳು. ಎರಡು ವರ್ಷದ ಹಿಂದೆ ಅಂಗಡಿಯ ಶಟರ್ ತಗುಲಿ ಹಾಕಿಸಿಕೊಂಡ ಮೂರು ಹೊಲಿಗೆ.

"ಈ ವರ್ಷದ್ದು?"

ಅವನು ಹಿಂಜರಿಯುತ್ತ ಮೂಲೆಯ ಬಟ್ಟೆ ಸರಿಸಿದ. ಕುರ್ಚಿಯಲ್ಲಿ ಅವನು. ಪಕ್ಕದ ಕುರ್ಚಿ ಖಾಲಿ. ಬಾಗಿಲ ಬಳಿ, ಹೆಗಲಿಗೆ ಕಂದು ಬ್ಯಾಗು ಹಾಕಿಕೊಂಡು ಅವಳು. ಮೊನ್ನೆ ರೈಲು ಹತ್ತುವ ಮುಂಚೆ ಕೊಂಡ ಬ್ಯಾಗು.

"ಹೋದ ತಿಂಗಳು ಬರೆದೆ. ಕೂರಿಸೋಕೆ ನೋಡಿದೆ, ನೀವು ಕೂರಲಿಲ್ಲ. ಹೊರಟಿರೋದೋ ಬರ್ತಿರೋದೋ ನನಗೇ ಗೊತ್ತಾಗಲಿಲ್ಲ."

ಬದುಕಿದ್ದವಳನ್ನು ಯಾರನ್ನೂ ಕೇಳದೆ ಸಾಯಿಸಿದಿರಲ್ಲ ಎಂದು ಗುಬ್ಬಿ ಬಾಯಿಗೆ ಬಂದಂತೆ ಬೈದಳು. ಆಮೇಲೆ ಓಡಿಹೋಗಬೇಕೆನಿಸಿತು. ಓಡಿಯೂ ಹೋದಳು. ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಹೆದರಿಕೆಗೂ ಅತ್ತಳು, ತನ್ನನ್ನು ಬೇಡವೆಂದಿರಲಿಲ್ಲ ಎಂಬ ಸಂತೋಷಕ್ಕೂ ಅತ್ತಳು. ಅವನು ಪ್ರೀತಿಸಿದ್ದು ಮಾತೇ ಆಡದ ಒಬ್ಬಳನ್ನು. ಮಾತಾಡುವ, ಜಗಳವಾಡುವ ಈ ಗುಬ್ಬಿ ಅವನಿಗೆ ಬೇಕಾದಾಳೇ?

ನಾಲ್ಕನೆಯ ದಿನ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಸ್ಟುಡಿಯೋದ ಬಾಗಿಲಲ್ಲಿ ನಿಂತಳು. ಅವನು ಕ್ಯಾಮೆರಾ ಒರೆಸುತ್ತಿದ್ದ. ಗಾಜಿನ ಹಿಂದೆ ಫೋಟೋ ಇರಲಿಲ್ಲ.

"ತೆಗೆದುಬಿಟ್ರಾ?"

"ಅದು ಯಾವತ್ತೂ ನನಗೆ ಎದುರು ಮಾತಾಡಿದ್ದಿಲ್ಲ," ಎಂದ. "ನಿನ್ನೆ ನೀವು ಹತ್ತು ನಿಮಿಷ ಬೈದ್ರಿ. ಆಮೇಲೆ ಅದನ್ನ ನೋಡೋಕಾಗಲಿಲ್ಲ."

ಗುಬ್ಬಿಗೆ ನಗು ಬಂತು. ಹತ್ತಿರ ಹೋಗಿ ಅವನ ಕನ್ನಡಕ ತೆಗೆದು ಬೆಳಕಿಗೆ ಹಿಡಿದಳು. "ನಂಬರ್ ಬದಲಾಗಿದೆ ನಿಮ್ದು. ಅದಕ್ಕೇ ಇರೋರು ಹೋದೋರು ಒಂದೇ ಥರ ಕಾಣ್ತಾರೆ."

"ಈಗ ಸರಿಯಾಗಿ ಕಾಣ್ತಿದೆ."

"ಕನ್ನಡಕ ಇಲ್ದೇನಾ?"

"ಇಷ್ಟು ಹತ್ತಿರ ಇದ್ರೆ," ಎಂದ ಅವನು.

ಗುಬ್ಬಿ ಬ್ಯಾಗನ್ನು ನೆಲಕ್ಕಿಟ್ಟಳು. "ಕೀಲಿಕೈ ಕೊಡಲ್ಲ ಅಂತ ಗಿರಾಕಿಗೆ ಫೋನ್ ಮಾಡಿದೆ. ಅಪ್ಪ ನಾಡಿದ್ದು ಬರ್ತಾರೆ, ನಿಮ್ಮನ್ನ ನೋಡೋಕೆ," ಎಂದು ಕ್ಯಾಮೆರಾ ಎದುರಿನ ಖಾಲಿ ಕುರ್ಚಿಯಲ್ಲಿ ಕುಳಿತಳು. "ಒಂದು ಷರತ್ತು. ಇನ್ಮೇಲೆ ನನ್ನ ವಯಸ್ಸು ನಾನೇ ಮಾಡ್ಕೋತೀನಿ. ನೀವು ಪಕ್ಕದಲ್ಲಿ ಕೂತು ನೋಡ್ತಿರಿ, ಸಾಕು."

ಅವನು ಕ್ಯಾಮೆರಾ ಎತ್ತಿದ, ಮುಚ್ಚಳ ತೆಗೆಯುವುದನ್ನೇ ಮರೆತಿದ್ದ. "ಹೋಗಿ ಪಕ್ಕದಲ್ಲಿ ಕೂರೋ," ಎಂದು ಅಕ್ಕ ಕಸಿದುಕೊಂಡು, ಮೂಗೊರೆಸಿಕೊಳ್ಳುತ್ತಲೇ ಕ್ಲಿಕ್ಕಿಸಿದಳು.

ಆಮೇಲೆ ಗುಬ್ಬಿಯ ಕಣ್ಣು ಮೂಲೆಯ ಚಿತ್ರದ ಮೇಲೆ ಬಿತ್ತು. ಅದರಲ್ಲಿ ಕಂದು ಬ್ಯಾಗು ಹೆಗಲ ಮೇಲಿರಲಿಲ್ಲ, ನೆಲದ ಮೇಲಿತ್ತು.

"ನೀವು ತಿದ್ದಿದ್ರಾ?"

"ಇಲ್ಲ," ಎಂದ ಅವನು, ಅವಳ ಕೈ ಬಿಡದೆ.