ಹದಿನಾರನೆಯ ಹೆಸರು

ಪುಕ್ಕಟೆ ಸಿಗುವ ಯಾವುದನ್ನೂ ವಿನಾಯಕ ಬಿಡುವವನಲ್ಲ ಎಂಬುದು ಹೈದರಾಬಾದಿನ ಕೂಕಟ್‌ಪಲ್ಲಿಯ ಕನ್ನಡದ ಗುಂಪಿಗೆಲ್ಲ ಗೊತ್ತಿತ್ತು. ಹಾಗಾಗಿ ಅವನು ಪಕ್ಕದಲ್ಲಿ ಬಂದು ಕೂತು, "ನೀವೂ ಬನ್ನಿ, ನೀವು ಬಂದ್ರೆ ಚೆನ್ನಾಗಿರ್ತದೆ" ಎಂದಾಗ ಸಂಯುಕ್ತಾ ಮೊದಲು ನೋಡಿದ್ದು ಅವನ ಕಣ್ಣನ್ನಲ್ಲ, ಕೈಯಲ್ಲಿದ್ದ ಕರಪತ್ರವನ್ನು.

ಕರಪತ್ರದ ಮೇಲೊಂದು ಬಿಳಿಯ ಹಡಗು. ಸಿಂಗಾಪುರದಿಂದ ಹೊರಟು ಸಿಂಗಾಪುರಕ್ಕೇ ಮರಳುವ ಕ್ರೂಸ್. ಹೈಟೆಕ್ ಸಿಟಿಯಲ್ಲಿ ಸಂಬಳಗಳು ಏರುತ್ತಿದ್ದ ಕಾಲ ಅದು. ಮೊನ್ನೆ ಮೊನ್ನೆ ಸ್ಲೀಪರ್ ಕ್ಲಾಸಿನಲ್ಲಿ ಊರಿಗೆ ಹೋಗುತ್ತಿದ್ದವರು ಈಗ ಹಡಗಿನ ಮಾತಾಡುತ್ತಿದ್ದರು. ಗುಂಪಿಗೆಲ್ಲ ಅಕ್ಕನಂತಿದ್ದ ಸಾವಿತ್ರಿಯ ಫ್ಲ್ಯಾಟಿನಲ್ಲಿ ಭಾನುವಾರದ ರೊಟ್ಟಿ ಊಟ ಮುಗಿದಿತ್ತು. ವಿನಾಯಕ ಎದ್ದು ನಿಂತು ಉಳಿತಾಯದ ಉಪನ್ಯಾಸ ಶುರುಮಾಡಿದ.

"ಕಿಟಕಿ ಇಲ್ಲದ ಕ್ಯಾಬಿನ್ ತಗೊಳ್ಳೋದು. ನಿದ್ದೆ ಮಾಡುವಾಗ ಸಮುದ್ರ ಯಾಕೆ ಬೇಕು? ಶಾಲೆಗೆ ರಜೆ ಇರುವಾಗ ಹೋಗ್ಬಾರ್ದು, ರೇಟು ಜಾಸ್ತಿ. ಒಬ್ಬೊಬ್ಬರೇ ಬುಕ್ ಮಾಡಿದ್ರೆ ಇಬ್ಬರ ದುಡ್ಡು ಕಕ್ಕಬೇಕು, ಹಾಗಾಗಿ ಇಬ್ಬಿಬ್ಬರು. ಮುಖ್ಯ ವಿಷಯ ಏನಂದ್ರೆ, ಹದಿನಾರು ಜನ ಆದ್ರೆ ಒಂದು ಟಿಕೆಟ್ ಪುಕ್ಕಟೆ. ಅದನ್ನ ಎಲ್ಲರಿಗೂ ಹಂಚೋದು."

"ಕುಮಟೆಯವನು ನೀನು, ಮನಿ ಮುಂದ ಸಮುದ್ರ ಐತಿ. ರೊಕ್ಕ ಕೊಟ್ಟು ನೋಡಾಕ ಹೊಂಟೀಯಲ್ಲೋ!" ಎಂದಳು ಸಾವಿತ್ರಿ.

"ಮನೆ ಮುಂದಿನ ಸಮುದ್ರದಲ್ಲಿ ಬಫೆ ಇಲ್ಲ ಅಕ್ಕಾ."

ಎಲ್ಲರೂ ನಕ್ಕರು. ಸಂಯುಕ್ತಾ ನಗುತ್ತಲೇ ತನ್ನನ್ನು ಬಿಟ್ಟು ತಲೆ ಎಣಿಸಿದಳು. ಹದಿನೈದು.

ಅವಳದು ಸಾಫ್ಟ್‌ವೇರ್ ಟೆಸ್ಟಿಂಗ್, ಸಂಶಯಪಡುವುದಕ್ಕೇ ಸಂಬಳ. ಅಪ್ಪ ಮಲ್ಲಪ್ಪ ಕುಷಾಯಿಗೂಡದ ಬಳಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲೇ ತಲೆ ನರೆಸಿಕೊಂಡವರು. ಆ ಮನೆಯಲ್ಲಿ ಸಂಶಯ ಪಿತ್ರಾರ್ಜಿತ ಆಸ್ತಿ.

ಮುಂದಿನ ಭಾನುವಾರ ವಿನಾಯಕ ಪೆಟ್ರೋಲ್ ಉಳಿಸಲು ಬೈಕು ಬಿಟ್ಟು, ಎರಡು ಬಸ್ಸು ಬದಲಾಯಿಸಿ ಕುಷಾಯಿಗೂಡದ ಅವಳ ಮನೆಗೇ ಬಂದ. ಬರುತ್ತೇನೆಂದು ಒಪ್ಪಿದ್ದ ಅವಳ ಪಾಸ್‌ಪೋರ್ಟಿನ ನಕಲು ಬೇಕಿತ್ತಂತೆ. ಆಫೀಸಿನಲ್ಲಿ ಅವನಿರುವುದು ಅವಳ ಮೇಲಿನ ಅಂತಸ್ತಿನಲ್ಲೇ. ಕೈಯಲ್ಲಿ ಒಂದು ಕಿಲೋ ದ್ರಾಕ್ಷಿ ಬೇರೆ.

"ಇದರಾಗ ನಿಮಗೇನು ಸಿಗ್ತೈತ್ರಿ?" ಮಲ್ಲಪ್ಪ ಕನ್ನಡಕದ ಮೇಲಿಂದ ಕೇಳಿದರು.

"ಏನೂ ಇಲ್ಲ ಅಂಕಲ್."

"ಏನೂ ಇಲ್ದ ಇಷ್ಟು ದೂರ ಬಂದೀರಿ?"

ವಿನಾಯಕ ನೀರು ಕೇಳಿದ. ಲೋಟದ ಅಂಚಿನ ಮೇಲಿಂದ ಒಮ್ಮೆ ಸಂಯುಕ್ತಾಳನ್ನು ನೋಡಿದ. ಅವಳು ನೋಡುತ್ತಿರುವುದು ಕಂಡು ನೀರು ನೆತ್ತಿಗೇರಿಸಿಕೊಂಡ. ಕೆಮ್ಮು ನಿಲ್ಲುವವರೆಗೂ ಅವಳು ದ್ರಾಕ್ಷಿ ಬಿಡಿಸುವ ನೆಪದಲ್ಲಿ ತಲೆ ಎತ್ತಲಿಲ್ಲ. ಎತ್ತಿದ್ದರೆ ನಗು ಕಾಣುತ್ತಿತ್ತು.

ಅವನು ಹೋದ ಮೇಲೆ ತಾಯಿ ವಿಶಾಲಾಕ್ಷಿ, "ಹುಡುಗ ಭಾಳ ಚಲೋ ಅದಾನ" ಎಂದರು.

"ಚಲೋ ಇರಾಕ ಏನು ಕಾರಣ?" ಎಂದರು ಮಲ್ಲಪ್ಪ.

ಆ ಪ್ರಶ್ನೆ ಅವಳ ಜೊತೆ ಆಫೀಸಿಗೂ ಬಂತು. ದಿನಾ ಬೆಳಿಗ್ಗೆ ಅವನ ಎಸ್ಸೆಮ್ಮೆಸ್ ಬರುತ್ತಿತ್ತು. ಒಮ್ಮೆ ಹಡಗಿನ ಸುದ್ದಿ, ಒಮ್ಮೆ ಸುಮ್ಮನೆ 'ತಿಂಡಿ ಆಯ್ತಾ?'. ಅವಳಿಗೆ ಅದು ಬರದ ದಿನ ಕಾಫಿ ರುಚಿಸುತ್ತಿರಲಿಲ್ಲ. ಬಂದ ದಿನ ತನ್ನ ಸಂತೋಷವೇ ರುಚಿಸುತ್ತಿರಲಿಲ್ಲ. ಪಕ್ಕದ ಸೀಟಿನ ಸಿಂಚನಾ ಒಂದು ದಿನ ಫೋನಿನೊಳಗೆ ಇಣುಕಿ, "ಹದಿನೈದು ಜನ ಆಗಿದ್ರಂತೆ. ಇವನಿಗೆ ಬೇಕಾಗಿರೋದು ನೀನಾ, ಹದಿನಾರನೇ ತಲೆನಾ?" ಎಂದಳು. ಅವಳು ಮೈಸೂರಿನವಳು, ಸಕ್ಕರೆಯಂಥ ದನಿಯಲ್ಲೇ ಚುಚ್ಚುತ್ತಾಳೆ.

ಟೆಸ್ಟ್ ಮಾಡದೆ ಬೇರೆ ದಾರಿಯಿರಲಿಲ್ಲ.

ಆಫೀಸಿನ ಎದುರಿನ ಇರಾನಿ ಹೋಟೆಲಿನಲ್ಲಿ ಚಹಾ ಮುಂದಿಟ್ಟುಕೊಂಡು ಅವಳು ಹೇಳಿದಳು. "ನಾ ಬರಾಂಗಿಲ್ರಿ. ಪ್ರಾಜೆಕ್ಟ್ ರಿಲೀಸ್ ಐತಿ. ನನ್ನ ಬದ್ಲಿ ಸಿಂಚನಾ ಬರ್ತಾಳಂತ. ನಿಮ್ಮ ಹದಿನಾರು ಹಂಗ ಉಳೀತೈತಿ."

ಅವನು ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. ಅವಳ ಮುಖವನ್ನು ನೋಡುತ್ತಿದ್ದಂತೆಯೇ ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು.

"ಆಯ್ತು" ಎಂದ.

ಅಷ್ಟೇ. ಸಂಜೆ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಅತ್ತಳು. ಪಕ್ಕದಲ್ಲಿ ಕೂತ ಹೆಂಗಸು, "ಏಮೈಂದಮ್ಮಾ?" ಎಂದು ತೆಲುಗಿನಲ್ಲಿ ಏನಾಯಿತೆಂದು ವಿಚಾರಿಸಿದಾಗ, ಕಣ್ಣಿಗೆ ಧೂಳು ಎಂದಳು. ಕಿಟಕಿ ಮುಚ್ಚಿತ್ತು.

ಮರುದಿನದಿಂದ ಎಸ್ಸೆಮ್ಮೆಸ್ ನಿಂತಿತು. ತನ್ನ ಸಂಶಯ ನಿಜವಾಯಿತಲ್ಲ ಎಂದು ಟೆಸ್ಟರ್‌ಗೆ ಆಗಬೇಕಿದ್ದ ಸಂತೋಷ ಮಾತ್ರ ಆಗಲಿಲ್ಲ. ಆ ವಾರದ ಕೊನೆಗೆ ಸಾವಿತ್ರಿ ಫೋನ್ ಮಾಡಿದಳು.

"ಏನ್ ನಡದೈತಿ ಸಂಯುಕ್ತಾ? ಹದಿನೈದೇ ಜನ ಅಂತ ಹೆಸರು ಕೊಡಾಕತ್ತಾನ. ಸಿಂಚನಾಗ ಜಾಗಾ ಇಲ್ಲ ಅಂದನಂತ. ನಮಗ ಹದಿನೈದು ಅಂದು, ಅಲ್ಲಿ ಹದಿನಾರು ಬರಸಿ ಆ ಪುಕ್ಕಟೆ ಟಿಕೆಟ್ ತಾನೇ ನುಂಗಾಕ ಕುಂತಾನೇನು ಅಂತ ಎಲ್ಲಾರೂ ಮಾತಾಡಾಕತ್ತಾರ. ಸಂಶಯ ಹಿಡಿಯೋದು ನಿನ್ನ ಕೆಲಸ. ಏಜೆಂಟನ ಹತ್ರ ಕುಂತಾನ, ಹೋಗಿ ಕೇಳು. ಇವತ್ತ ಹೆಸರು ಕೊಡೋ ಕಡೀ ದಿನ."

ಅಮೀರ್‌ಪೇಟೆಯ ಟ್ರಾವೆಲ್ ಏಜೆಂಟ್ ಗೋಪಿನಾಥನ ಕೋಣೆಯಲ್ಲಿ ಗಿರಾಕಿಗಳಿಗೆ ಎರಡೇ ಕುರ್ಚಿ, ಗೋಡೆಯ ತುಂಬ ನೀಲಿ ಸಮುದ್ರ. ವಿನಾಯಕ ಪಾಸ್‌ಪೋರ್ಟ್ ನಕಲುಗಳನ್ನು ಜೋಡಿಸುತ್ತಿದ್ದ. ಅವಳನ್ನು ಕಂಡು ಅವು ಕೈಜಾರಿದವು.

"ಸಿಂಚನಾನ್ನ ಯಾಕ ಬ್ಯಾಡ ಅಂದ್ರಿ?"

"ಜಾಗ ಇರ್ಲಿಲ್ಲ."

"ಇತ್ತು. ನಂದು."

"ನಿಮ್ದು ಅಂತ ನೀವೇ ಹೇಳ್ತೀರಿ. ಅಲ್ಲಿ ಬೇರೆಯವರನ್ನ ಹೇಗೆ ಕೂರಿಸ್ಲಿ?"

"ಮತ್ತ ಅವತ್ತ ಆಯ್ತು ಅಂದ್ರಿ?"

"ನೀವು ಟೆಸ್ಟ್ ಮಾಡ್ತಾ ಇದ್ದದ್ದು ಗೊತ್ತಿತ್ತು. ತಪ್ಪು ಹುಡುಕುವಾಗ ನಿಮ್ಮ ಎಡ ಹುಬ್ಬು ಮೇಲೆ ಹೋಗ್ತದೆ. ಬನ್ನಿ ಅಂತ ಗೋಗರೆದಿದ್ರೆ ನಂಬರಿಗೋಸ್ಕರ ಅಂತಿದ್ರಿ. ಆಯ್ತು ಅಂದ್ರೆ ಸಿಂಚನಾ ಸಾಕು ಅಂತ ಅರ್ಥ ಮಾಡ್ತೀರಿ. ಪಾಸಾಗೋ ಉತ್ತರವೇ ಇಲ್ಲದ ಪ್ರಶ್ನೆ ಕೇಳಿದ್ರೆ ನಾನೇನು ಮಾಡ್ಲಿ ಮಾರಾಯ್ತಿ?"

ಎಡ ಹುಬ್ಬನ್ನು ಅವಳು ಕೆಳಗಿಳಿಸಲು ನೋಡಿದಳು. "ಹದಿನೈದಾದ್ರ ಎಲ್ಲಾರ ಡಿಸ್ಕೌಂಟು ಹೋತಲ್ರಿ?"

ವಿನಾಯಕ ಬಿದ್ದ ನಕಲುಗಳನ್ನು ಹೆಕ್ಕತೊಡಗಿದ. ಹೇಳಿದವನು ಗೋಪಿನಾಥ, ತೆಲುಗು ಬೆರೆತ ತನ್ನ ಕನ್ನಡದಲ್ಲಿ. "ಸಾರೇ ಕೊಡ್ತಾರೆ ಮೇಡಂ. ಎಲ್ಲರದ್ದೂ, ತಮ್ಮ ಜೇಬಿಂದ. ಎಂದಕು ಸಾರ್, ಯಾಕೆ ಅಂತ ಕೇಳಿದೆ, ಚೆಪ್ಪಲೇದು, ಹೇಳ್ಲಿಲ್ಲ."

ಪಾರ್ಕಿಂಗ್ ಚೀಟಿಗೆ ಕೊಡಬೇಕಾದೀತೆಂದು ಬೈಕನ್ನು ಅರ್ಧ ಮೈಲಿ ಆಚೆ ನಿಲ್ಲಿಸಿ ಬರುವ ಮನುಷ್ಯ! ಸಂಯುಕ್ತಾ ಅರ್ಧ ನಂಬಿದಳು. ಆದರೂ ಮನೆತನದ ಅಭ್ಯಾಸ.

"ಕ್ರೆಡಿಟ್ ಕಾರ್ಡಿಗೆ ಪಾಯಿಂಟ್ಸ್ ಬರ್ತಾವೇನ್ರಿ?"

"ಬರ್ತವೆ" ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ. "ಆದ್ರೂ ನಷ್ಟವೇ."

ಅವಳು ಗೋಪಿನಾಥನ ಕಡೆ ತಿರುಗಿದಳು. "ಅದೇ ಹಡಗಿನ್ಯಾಗ ನನಗೊಂದು ಟಿಕೆಟ್ ಕೊಡ್ರಿ. ಈ ಗುಂಪಿನೊಳಗ ಬ್ಯಾಡ. ನಾ ಒಬ್ಬಾಕಿಗೇ ಬ್ಯಾರೆ ಕ್ಯಾಬಿನ್."

"ಮೇಡಂ, ಅದು ಡಬಲ್! ಲಿಸ್ಟಲ್ಲಿ ಸೇರಿದ್ರೆ ಎಲ್ಲರಿಗೂ ಲಾಭಂ..."

"ಗೊತ್ತೈತಿ. ನಾ ಬಂದದ್ದು ಡಿಸ್ಕೌಂಟಿಗೆ ಅಂತ ಒಬ್ರೂ ಅನಬಾರ್ದು. ಇವರೂ ಅನಬಾರ್ದು."

ವಿನಾಯಕ ಕುರ್ಚಿಯಿಂದ ಎದ್ದೇಬಿಟ್ಟ. "ಹುಚ್ಚಾ ನಿಮಗೆ? ಖಾಲಿ ಮಂಚಕ್ಕೆ ದುಡ್ಡು ಕೊಡ್ತಾರಾ ಯಾರಾದ್ರೂ? ಈಗ್ಲೇ ಇಷ್ಟು ಕೈ ಬಿಚ್ಚಿದ್ರೆ ನಾಳೆ ಮನೆ ಮಾಡುವಾಗ ಹೇಗೆ? ಅಡ್ವಾನ್ಸ್ ಕೊಡ್ಬೇಕು, ಪಾತ್ರೆ ತಗೊಳ್ಬೇಕು, ಹೊಸ ಗ್ಯಾಸ್ ಕನೆಕ್ಷನ್ನಿಗೇ ಎಷ್ಟು ಗೊತ್ತುಂಟಾ..."

ಅಲ್ಲಿಗೆ ಅವನಿಗೆ ತನ್ನ ದನಿ ಕೇಳಿಸಿತು.

ಗೋಪಿನಾಥ ಪೆನ್ನು ಕೆಳಗಿಟ್ಟ.

"ಯಾರ ಮನೀರಿ?" ಸಂಯುಕ್ತಾ ಮೆಲ್ಲಗೆ ಕೇಳಿದಳು.

ಅವನ ಕಿವಿಗಳು ಕೆಂಪಾದವು. "ನಿಮ್ಮ ಮನೆಗೂ ದೂರ ಆಗ್ಬಾರ್ದು, ಆಫೀಸಿಗೂ... ಅಂಥ ಮನೆ ನೋಡ್ತಾ ಇದ್ದೆ. ನಿಮ್ಮನ್ನ ಕೇಳದೇ. ತಪ್ಪೇ ಅದು."

ಅವಳು ಅವನ ಮುಖವನ್ನು ಬಹಳ ಹೊತ್ತು ತಪಾಸಣೆ ಮಾಡಿದಳು. ದೋಷಗಳು ಸಾಕಷ್ಟು ಕಂಡವು. ರಿಲೀಸ್ ತಡೆಹಿಡಿಯುವಂಥದ್ದು ಒಂದೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೇ ಕೂತಳು.

"ಗೋಪಿನಾಥ್ ಅವರ, ಹದಿನಾರು ಅಂತ ಬರ್ಕೊಳ್ರಿ."

ಆಮೇಲೆ ವಿನಾಯಕನಿಗೆ ಮಾತ್ರ ಕೇಳುವಂತೆ ಬಾಗಿ ಹೇಳಿದಳು. "ಹೊಸ ಕನೆಕ್ಷನ್ ಯಾಕ್ರಿ ಸುಮ್ಮ? ಅಪ್ಪನ ಹೆಸರಿನ ಎರಡನೇ ಸಿಲಿಂಡರ್ ಮನ್ಯಾಗ ಹಂಗ ಕುಂತೈತಿ."